ಗದಗ ಸರಿ, ಹಾವೇರಿ ಏಕೆ ತಪ್ಪು?

ಕೇಳುಗರೆಲ್ಲರಿಗೂ ನಮಸ್ಕಾರ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಇಸ್‌ಆಲ್ಫಾ’ ಅಂತ ಒಂದು ಮೆಥಡ್, ಅಂದರೆ ಸಿದ್ಧ ಆದೇಶ, ಇದೆ. ಕೊಟ್ಟ ಪಠ್ಯದಲ್ಲಿ ಬರೀ ಅಕ್ಷರಗಳೇ ಇದ್ದರೆ ‘ಟ್ರೂ’ ಅನ್ನುತ್ತದೆ, ಇಲ್ಲದಿದ್ದರೆ ‘ಫಾಲ್ಸ್’. ಫಾರ್ಮ್‌ನಲ್ಲಿ ಊರಿನ ಹೆಸರು ಸರಿಯಾಗಿ ತುಂಬಿದ್ದಾರೋ ಇಲ್ಲೋ ನೋಡಬೇಕೆಂದರೆ ನಮ್ಮ ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಹುಡುಗರು ಇದನ್ನೇ ಹುಡುಕಿಕೊಂಡು ಹೋಗುತ್ತಾರೆ. ಗದಗ ಅಂತ ಕೊಡ್ರಿ, ಟ್ರೂ. ಹಾವೇರಿ ಅಂತ ಕೊಡ್ರಿ, ಫಾಲ್ಸ್! ಧಾರವಾಡಕ್ಕೂ ಫಾಲ್ಸೇ.

ಯೂನಿಕೋಡ್ ಅಂದರೆ ಭಾಷೆಗಳ ಅಕ್ಷರ, ಚಿಹ್ನೆಗಳಿಗೆ ಒಂದೊಂದು ಸಂಕೇತ ಕೊಡುವ ಪದ್ಧತಿ. ಅದರ ಲೆಕ್ಕದಲ್ಲಿ ಹಾವೇರಿ ಅನ್ನುವುದು ಆರು ಸಂಕೇತ. ಹ ಮತ್ತು ಅದರ ದೀರ್ಘ, ವ ಮತ್ತು ಅದರ ಏತ್ವ, ರ ಮತ್ತು ಅದರ ಗುಡಿಸು. ಹ, ವ, ರ ‘ಲೆಟರ್’ ವರ್ಗಕ್ಕೆ ಸೇರಿವೆ. ಕಾಗುಣಿತದ ಚಿಹ್ನೆಗಳು ‘ಮಾರ್ಕ್’ ವರ್ಗಕ್ಕೆ. ಇಸ್‌ಆಲ್ಫಾ ಒಪ್ಪುವುದು ಲೆಟರ್ ಮಾತ್ರ. ಗದಗದಲ್ಲಿ ಕಾಗುಣಿತದ ಚಿಹ್ನೆಯೇ ಇಲ್ಲ, ಹಾಗಾಗಿ ಪಾಸು.

ಪ್ರೋಗ್ರಾಮ್ ತನ್ನ ನಿಯಮದಂತೆಯೇ ನಡೆದಿದೆ. ತಿದ್ದಬೇಕಾದದ್ದು ಪೈಥಾನ್ ಭಾಷೆಯ ಕೈಪಿಡಿಯನ್ನು. ಅಲ್ಲಿ ಈಗಾಗಲೇ ಒಂದು ಒಳ್ಳೆಯ ವಾಕ್ಯ ಸೇರಿದೆ: ಇದು ಯೂನಿಕೋಡ್‌ನ ‘ಆಲ್ಫಾಬೆಟಿಕ್’ ಗುಣಕ್ಕಿಂತ ಬೇರೆ ಅಂತ. ಮಾತು ನಿಜ. ಆದರೆ ಎರಡನೇ ವರ್ಷದ ವಿದ್ಯಾರ್ಥಿಗೆ ಇದರಿಂದ ತಿಳಿಯುವುದಾದರೂ ಏನು? ಆ ಗುಣ ಕಾಗುಣಿತದ ಚಿಹ್ನೆಗಳಿಗೂ ಇದೆ; ಅದನ್ನೇ ಹಿಡಿದು ಪರೀಕ್ಷಿಸಿದರೆ ಹಾವೇರಿ ಪಾಸಾಗುತ್ತದೆ, ಹುಬ್ಬಳ್ಳಿ ಮತ್ತೆ ಫೇಲು. ಒತ್ತಕ್ಷರ ಕಟ್ಟುವ, ‘ವಿರಾಮ’ ಎಂಬ ಹೆಸರಿನ ಸಂಕೇತಕ್ಕೆ (್) ಆ ಗುಣವೂ ಇಲ್ಲ. ಬ್ಬ, ಳ್ಳಿ, ಎರಡರಲ್ಲೂ ಅದು ಕೂತಿದೆ ನೋಡ್ರಿ.

ಆದ್ದರಿಂದ ನನಗೆ ಬೇಕೆನಿಸುವುದು ಎರಡು ಸಾಲಿನ ಉದಾಹರಣೆ: ಗದಗಕ್ಕೆ ಏನು ಬರುತ್ತದೆ, ಹುಬ್ಬಳ್ಳಿಗೆ ಏನು ಬರುತ್ತದೆ. ಅದರ ಕೆಳಗೆ, ಜನರ ಹೆಸರು, ಊರ ಹೆಸರು ಪರೀಕ್ಷಿಸಲು ಇದನ್ನು ಬಳಸಬೇಡಿ ಅಂತ ನೇರವಾದ ಒಂದು ಮಾತು. ನಿಯಮವನ್ನು ಎಷ್ಟೇ ಕರಾರುವಾಕ್ಕಾಗಿ ಬರೆದರೂ ಉದಾಹರಣೆ ಮಾಡುವ ಕೆಲಸವನ್ನು ಅದು ಮಾಡಲಾರದು.

ಈ ತಿದ್ದುಪಡಿಯನ್ನು ಯಾರಾದರೂ ಕಳಿಸಬಹುದು. ಪೈಥಾನ್‌ನ ಮೂಲ ಕಡತಗಳು 2017ರಿಂದ, ಪ್ರೋಗ್ರಾಮುಗಳ ಕಡತ ಇಡುವ ಜಾಲತಾಣವಾದ ಗಿಟ್‌ಹಬ್‌ನಲ್ಲಿವೆ. ಕೈಪಿಡಿಯೂ ಅಲ್ಲೇ, ‘ಡಾಕ್’ ಎಂಬ ಫೋಲ್ಡರಿನಲ್ಲಿ, ಸಾದಾ ಪಠ್ಯವಾಗಿ ಇದೆ. ಸಾಲು ತಿದ್ದಿ ‘ಪುಲ್ ರಿಕ್ವೆಸ್ಟ್’, ಅಂದರೆ ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ, ಹಾಕಿದರೆ ನಿರ್ವಾಹಕರು ಓದುತ್ತಾರೆ, ಪ್ರಶ್ನೆ ಕೇಳುತ್ತಾರೆ. ಪೈಥಾನನ್ನು ಕಟ್ಟಿರುವ ‘ಸಿ’ ಎಂಬ ಪ್ರೋಗ್ರಾಮಿಂಗ್ ಭಾಷೆ ಬರಬೇಕೆಂದಿಲ್ಲ. ಕನ್ನಡದ ಕಾಗುಣಿತ ಚೆನ್ನಾಗಿ ಬಂದರೆ ಈ ಕೆಲಸಕ್ಕೆ ಅದೇ ದೊಡ್ಡ ಅರ್ಹತೆ. ಕಳಿಸುವ ಮುಂಚೆ ಮಾತ್ರ ಉದಾಹರಣೆಯನ್ನು ನಿಮ್ಮ ಯಂತ್ರದಲ್ಲಿ ಓಡಿಸಿ, ಬಂದ ಉತ್ತರವನ್ನೇ ಬರೆಯಿರಿ.

ನಮಸ್ಕಾರ.