ಹೂದಾನಿ ಪಕ್ಕ ಬಾಳೆಗೊನೆ ಇದೆಯಾ? ಹಾಗಾದರೆ ಇದನ್ನು ನೋಡಿ

[ಜಗಲಿ. ಮೇಜಿನ ಮೇಲೆ ಹಿತ್ತಾಳೆ ಚೊಂಬು, ಅದರ ತುಂಬ ಅಂಗಳದ ಹೂ]

ನಮಸ್ಕಾರ. ಸಾಗರದ ಕಡೆಯ ಒಬ್ಬರು ಒಂದು ಫೋಟೋ ಕಳಿಸಿದ್ದಾರೆ. ಮನೆಯಂಗಳದ್ದೇ ಗುಲಾಬಿ, ಬೆಳಿಗ್ಗೆ ಕೊಯ್ದಿದ್ದು. ಮಾರನೇ ದಿನ ನೋಡಿದರೆ ದಳ ಪೂರ್ತಿ ಮೇಜಿನ ಮೇಲೆ. ಯಾಕೆ ಅಂತ ಕೇಳಿದ್ದಾರೆ.

ಗೊತ್ತಿರುವುದನ್ನು ಬೇಗ ಮುಗಿಸೋಣ. ಬಿಸಿಲೇರುವ ಮೊದಲು ಕೊಯ್ಯಿರಿ, ದಂಟನ್ನು ಓರೆಯಾಗಿ ಕತ್ತರಿಸಿ, ನೀರಲ್ಲಿ ಮುಳುಗುವ ಎಲೆ ಕಿತ್ತುಹಾಕಿ. ಇಲ್ಲದಿದ್ದರೆ ಎಲೆ ಕೊಳೆತು, ಬ್ಯಾಕ್ಟೀರಿಯಾ ಬೆಳೆದು, ದಂಟಿನ ನಾಳ ಕಟ್ಟುತ್ತದೆ. ನೀರು ದಿನಾ ಬದಲಿಸಿ. ಇಷ್ಟನ್ನೂ ಅವರು ಮಾಡಿದ್ದಾರೆ!

ಈಗ ಫೋಟೋದ ಮೂಲೆ ನೋಡಿ. ಹೂದಾನಿಯ ಹಿಂದೆ ಏನು ನೇತಾಡುತ್ತಿದೆ? ಬಾಳೆಗೊನೆ. ಅರ್ಧ ಹಳದಿಯಾಗಿದೆ.

ಹಣ್ಣಾಗುವ ಬಾಳೆ ಎಥಿಲೀನ್ ಅನ್ನುವ ಅನಿಲ ಬಿಡುತ್ತದೆ. ಮಾವೂ ಅಷ್ಟೇ. ಒಂದು ಕಾಯಿ ಹಣ್ಣಾದರೆ ಪಕ್ಕದ ಕಾಯಿಗೂ ಸುದ್ದಿ ಮುಟ್ಟುತ್ತದೆ, ನಮ್ಮೂರಿನ ಬಸ್‌ಸ್ಟ್ಯಾಂಡಿನ ಹಾಗೆ. ಬಾಳೆಕಾಯಿಗೆ ಆ ಸುದ್ದಿ 'ಹಣ್ಣಾಗು' ಅಂತ. ಹೂವಿಗೆ ಮಾತ್ರ 'ನಿನ್ನ ಕೆಲಸ ಮುಗೀತು, ಉದುರು' ಅಂತ.

ನಮ್ಮ ಅಜ್ಜಂದಿರು ಬಾಳೆಗೊನೆಗೆ ಹೊಗೆ ಹಾಕುತ್ತಿದ್ದರಲ್ಲ? ಆ ಹೊಗೆಯಲ್ಲೂ ಎಥಿಲೀನ್ ಇರುತ್ತದೆ. ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಗಿಡಗಳ ವಿಷಯದಲ್ಲಿ ಆ ಹೆಸರು ಹೊರಬಿದ್ದದ್ದು 1901ರಲ್ಲಿ. ದೀಪ ಉರಿಸುವ ಗ್ಯಾಸು ತಾಗಿ ಬಟಾಣಿ ಸಸಿಗಳು ಸೊಟ್ಟಗೆ ಬೆಳೆಯುತ್ತಿದ್ದವು. ಅದಕ್ಕೆ ಕಾರಣ ಆ ಗ್ಯಾಸಿನಲ್ಲಿದ್ದ ಎಥಿಲೀನ್ ಅಂತ ರಷ್ಯಾದ ಸಸ್ಯವಿಜ್ಞಾನಿ ನೆಲ್ಯುಬೊವ್ ತೋರಿಸಿದರು. 1908ರಲ್ಲಿ ಶಿಕಾಗೋದ ಸಸ್ಯವಿಜ್ಞಾನಿಗಳಾದ ಕ್ರಾಕರ್ ಮತ್ತು ನೈಟ್ ಕಾರ್ನೇಷನ್ ಹೂವನ್ನು ಪರೀಕ್ಷೆಗಿಟ್ಟರು. ಹಸಿರುಮನೆಯಲ್ಲಿ ಆ ಹೂಗಳು ಸುಮ್ನೆ ಮುದುಡಿಕೊಳ್ಳುತ್ತಿದ್ದವು. ಅಲ್ಲೂ ಸಿಕ್ಕಿಬಿದ್ದದ್ದು ಅದೇ ಗ್ಯಾಸು, ಅದೇ ಎಥಿಲೀನ್. ನನಗಂತೂ ಇದು ಪತ್ತೇದಾರಿ ಕಥೆಗಿಂತ ಜಾಸ್ತಿ ಇಷ್ಟ.

ಬಾಡಿದ ಹೂವೂ ಇದೇ ಅನಿಲ ಬಿಡುತ್ತದೆ. ಕಂಡ ತಕ್ಷಣ ಕಿತ್ತು ತೆಗೆಯಿರಿ. ಎಲ್ಲ ಹೂವಿಗೂ ಇದು ಒಂದೇ ಥರ ನಾಟುವುದಿಲ್ಲ. ಜೀನಿಯಾ ಅಷ್ಟಾಗಿ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ಅಯ್ಯೋ, ಟೈಮ್ ಆಯ್ತು. ಉಳಿದದ್ದು ಓಡಿಸುತ್ತೇನೆ. ಜೀನಿಯಾ ಕೊಯ್ಯುವ ಮೊದಲು ಹೂವಿನಿಂದ ಒಂದು ಗೇಣು ಕೆಳಗೆ ಹಿಡಿದು ಅಲ್ಲಾಡಿಸಿ. ಕುತ್ತಿಗೆ ಕುಣಿದರೆ ಬಿಡಿ, ಗಟ್ಟಿ ನಿಂತರೆ ಕೊಯ್ಯಿರಿ. ದಾಸವಾಳ ನೀರಿದ್ದರೂ ಒಂದೇ ದಿನ, ಇಲ್ಲದಿದ್ದರೂ ಒಂದೇ ದಿನ. ಅದನ್ನು ದೇವರಿಗೇ ಬಿಡಿ, ಅಮ್ಮನೂ ಬೈಯುವುದಿಲ್ಲ. ಡೇರೆ ಹೂ ಕೇಳಬೇಡಿ, ಅದು ಮಳೆಗಾಲದ ವಿಡಿಯೋ. ಚೊಂಬಿನ ಬಾಯಿಗೆ ಸೆಲ್ಲೋಟೇಪನ್ನು ಚೌಕಳಿಯಾಗಿ ಅಂಟಿಸಿದರೆ ದಂಟುಗಳು ಒಂದೇ ಕಡೆ ವಾಲುವುದಿಲ್ಲ. ಸುತ್ತ ನಾಲ್ಕು ಕ್ರೋಟನ್ ಎಲೆ, ತೋಟದ ಬದುವಿನ ಜರಿಗಿಡ ಸಿಕ್ಕಿಸಿ, ಸಾಕು.

ಬಾಳೆಗೊನೆ ಇಳಿಸಲು ಮಲೆನಾಡಿನ ಯಾವ ಮನೆಯಲ್ಲೂ ಒಪ್ಪುವುದಿಲ್ಲ, ಅಲ್ವಾ? ಹೂದಾನಿಯನ್ನೇ ಎತ್ತಿಕೊಂಡು ಬಂದು ಹೀಗೆ ಗಾಳಿಯಾಡುವ ಜಗಲಿಯಲ್ಲಿ ಇಡಿ.