20 ಗ್ರಾಂ ಚಾಕೊಲೇಟು ಮತ್ತು ಅಜ್ಜನ ಮಳೆ ಪುಸ್ತಕ

ನಮಸ್ಕಾರ. ಮೂಡಿಗೆರೆ ಕಡೆಯಿಂದ ಮಾತಾಡುತ್ತಿದ್ದೇನೆ. ಹಿಂದೆ ಕೇಳಿಸುತ್ತಿರುವುದು ಮಳೆ, ಮೈಕ್ ಕೆಟ್ಟಿಲ್ಲ. ಕರೆಂಟು ಹೋಗುವುದರೊಳಗೆ ಹೇಳಿ ಮುಗಿಸುತ್ತೇನೆ.

ಜಾರ್ಜ್ ಆರ್ವೆಲ್ ಬರೆದ 'ನೈಂಟೀನ್ ಎಯ್ಟಿ ಫೋರ್' ಓದಿದವರಿಗೂ ಗೊತ್ತು, ಓದದವರಿಗೂ ಗೊತ್ತು. 1949ರಲ್ಲಿ ಬಂದ ಕಾದಂಬರಿ. ಅದರ ಮಾತು ತೆಗೆದರೆ ಸಾಕು, ಎಲ್ಲರೂ ಕ್ಯಾಮೆರಾ ಕಡೆ ಕೈ ತೋರಿಸುತ್ತಾರೆ. ಸುದ್ದಿ ಹೇಳುತ್ತಲೇ ಮನೆಯವರನ್ನೂ ನೋಡುವ ಗೋಡೆ ಮೇಲಿನ ಪರದೆ ಟೆಲಿಸ್ಕ್ರೀನ್, ಎಲ್ಲರನ್ನೂ ನೋಡುತ್ತಿರುವ ಸರ್ವಾಧಿಕಾರಿ ದೊಡ್ಡಣ್ಣ, ಈಗ ನಮ್ಮ ಜೇಬಲ್ಲಿರುವ ಮೊಬೈಲು. ಅದೂ ಸರಿಯೇ. ಆದರೆ ನಾನು ಓದುತ್ತಾ ಪುಸ್ತಕ ಮಡಚಿಟ್ಟು ಎದ್ದು ಓಡಾಡಿದ್ದು ಚಾಕೊಲೇಟಿನ ವಿಷಯ ಬಂದಾಗ.

ಕಥಾನಾಯಕ ವಿನ್‌ಸ್ಟನ್ ಸ್ಮಿತ್ ಕೆಲಸ ಮಾಡುವುದು ಸರ್ಕಾರದ ಸತ್ಯದ ಇಲಾಖೆಯಲ್ಲಿ. ಕೆಲಸ ಏನು? ಹಳೇ ಪೇಪರ್ ತಿದ್ದುವುದು. ಈ ವರ್ಷ ಚಾಕೊಲೇಟ್ ರೇಷನ್ ಕಡಿಮೆ ಮಾಡುವುದಿಲ್ಲ ಅಂತ ಸರ್ಕಾರ ಮಾತು ಕೊಟ್ಟಿರುತ್ತದೆ. ಒಂದು ಸಂಜೆ ಟೆಲಿಸ್ಕ್ರೀನ್ ಹೇಳುತ್ತದೆ, ವಾರಕ್ಕೆ 30 ಗ್ರಾಂ ಇದ್ದದ್ದು ಇನ್ನು 20. ಮಾರನೇ ದಿನ ವಿನ್‌ಸ್ಟನ್ ಆ ಹಳೇ ಮಾತನ್ನೇ ಬದಲಿಸುತ್ತಾನೆ. 'ಕಡಿಮೆ ಮಾಡಬೇಕಾಗಿ ಬರಬಹುದು' ಅಂತ ಮೊದಲೇ ಎಚ್ಚರಿಸಿದ್ದ ಹಾಗೆ. ಹಳೇ ಕಾಗದ ಗೋಡೆಯ ತೂತಿನೊಳಗೆ, ಅಲ್ಲಿಂದ ಬೆಂಕಿಗೆ. ಆ ತೂತಿನ ಹೆಸರು ಮೆಮೊರಿ ಹೋಲ್.

ಇಷ್ಟೇ ಆಗಿದ್ದರೆ ಸುಮ್ನೆ ಸರ್ಕಾರಿ ಸುಳ್ಳು. ನಮಗೇನು ಹೊಸದಾ? ಆದರೆ ಅದೇ ದಿನ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಊಟ ಮಾಡುವಾಗ ಟೆಲಿಸ್ಕ್ರೀನ್ ಇನ್ನೊಂದು ಸುದ್ದಿ ಹೇಳುತ್ತದೆ. ರೇಷನ್ನನ್ನು 20 ಗ್ರಾಂಗೆ ಏರಿಸಿದ್ದಕ್ಕೆ ಜನ ಮೆರವಣಿಗೆ ಮಾಡಿ ದೊಡ್ಡಣ್ಣನಿಗೆ ಥ್ಯಾಂಕ್ಸ್ ಹೇಳಿದರಂತೆ. ಏರಿಸಿದ್ದಕ್ಕೆ! ವಿನ್‌ಸ್ಟನ್ ಸುತ್ತ ನೋಡುತ್ತಾನೆ. ಪಕ್ಕದ ಮನೆಯ ಪಾರ್ಸನ್ಸ್ ಆರಾಮಾಗಿ ನುಂಗಿಕೊಂಡಿದ್ದಾನೆ. ನೆನ್ನೆ ಸಂಜೆಯ ಮಾತು ಇವತ್ತು ಊಟದ ಹೊತ್ತಿಗೆ ಅವನ ತಲೆಯಲ್ಲಿ ಇಲ್ಲ. ಯಾರೂ ಹೊಡೆದಿಲ್ಲ, ಬೆದರಿಸಿಲ್ಲ.

ಈಗ ನಮ್ಮ ಅಜ್ಜನ ವಿಷಯಕ್ಕೆ ಬರುತ್ತೇನೆ. ಕಾಫಿ ತೋಟದವರ ಮನೆಗಳಲ್ಲಿ ಮಳೆ ಪುಸ್ತಕ ಅಂತ ಒಂದಿರುತ್ತದೆ. ದಿನಾ ಬೆಳಿಗ್ಗೆ ರೇನ್ ಗೇಜ್ ನೋಡಿ ಇಂಚು, ಸೆಂಟ್ಸ್ ಲೆಕ್ಕದಲ್ಲಿ ಬರೆದಿಡುವುದು. ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ. ಇವತ್ತಿಗೂ ನಮ್ಮೂರಲ್ಲಿ ಫೋನ್ ಮಾಡಿದವರು ಹುಷಾರಾಗಿದ್ದೀರಾ ಅಂತ ಕೇಳುವ ಮೊದಲು, ನಿಮ್ಮಲ್ಲಿ ಎಷ್ಟು ಸೆಂಟ್ಸ್ ಬಂತು ಅಂತ ಕೇಳುತ್ತಾರೆ. ಅಜ್ಜ ಮಳೆ ಜೊತೆಗೆ ಬೇರೆಯದನ್ನೂ ಗೀಚುತ್ತಿದ್ದರು. ಎಷ್ಟು ಆಳು ಬಂದರು, ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಎಲ್ಲಿವರೆಗೆ ಆಯಿತು, ನಾಯಿ ಮರಿ ಹಾಕಿತು, ಇಂಥವರಿಗೆ ಜ್ವರ.

ಒಂದ್ಸಲ ಊಟಕ್ಕೆ ಕೂತಾಗ ಚಿಕ್ಕಪ್ಪನಿಗೂ ಅವರಿಗೂ ವಾದ ಬಿತ್ತು. ಯಾವ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಿದ್ದು ಅಂತ. ಅಜ್ಜ ಎದೆ ತಟ್ಟಿ ಒಂದು ವರ್ಷ ಹೇಳಿದರು. ಪುಸ್ತಕ ತೆಗೆದರೆ ಬೇರೆ ವರ್ಷ. ಅವರದೇ ಕೈಬರಹ. ಅಜ್ಜ ಕನ್ನಡಕ ತೆಗೆದು ಒರೆಸಿಕೊಂಡು, 'ಪುಸ್ತಕದಲ್ಲಿ ಇರೋದೇ ಸರಿ, ನನ್ನ ತಲೇಲಿ ಇರೋದು ತಪ್ಪು' ಅಂದರು. ಮನೆಯ ಯಜಮಾನ ಹಾಗನ್ನುವುದು ಸಣ್ಣ ವಿಷಯವಲ್ಲ ಅಂತ ನನಗೆ ಆಗ ಗೊತ್ತಾಗಲಿಲ್ಲ.

ಕಾದಂಬರಿಯಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಆಗುವ ಒಂದು ದೃಶ್ಯವಿದೆ. ಆಳುವ ಪಕ್ಷದ ದೊಡ್ಡ ಅಧಿಕಾರಿ ಓಬ್ರಿಯನ್, ಹಿಡಿದು ಕಟ್ಟಿಹಾಕಿದ ವಿನ್‌ಸ್ಟನ್ ಕಣ್ಣೆದುರೇ ಒಂದು ಪೇಪರ್ ತುಂಡು ಹಿಡಿಯುತ್ತಾನೆ. ಪಕ್ಷ ಹೇಳಿದ್ದು ಸುಳ್ಳು ಅಂತ ತೋರಿಸುವ ಫೋಟೊ. ಅದನ್ನು ಮೆಮೊರಿ ಹೋಲ್‌ಗೆ ಹಾಕಿ, ಅದು ಇರಲೇ ಇಲ್ಲ ಅನ್ನುತ್ತಾನೆ. ಇತ್ತು, ನಿಮಗೂ ನೆನಪಿದೆ ಅಂತ ವಿನ್‌ಸ್ಟನ್ ಕೂಗಿದರೆ, ನನಗೆ ನೆನಪಿಲ್ಲ ಅನ್ನುತ್ತಾನೆ. ಸುಳ್ಳು ಹೇಳುತ್ತಿದ್ದಾನೆ ಅಂತಾಗಿದ್ದರೆ ವಿನ್‌ಸ್ಟನ್‌ಗೆ ಸಮಾಧಾನ ಇರುತ್ತಿತ್ತು. ಅವನು ನಿಜವಾಗಲೂ ಮರೆತಿರಬಹುದು ಅನ್ನುವುದೇ ಭಯ. ಕಾಗದ ಹೋಯಿತು. ಇನ್ನು ಒಬ್ಬನ ನೆನಪಿಗೆ ಸಾಕ್ಷಿ ಯಾರು? ಅಧಿಕಾರ ಅಂದರೆ ಆರ್ವೆಲ್‌ಗೆ ಇದು. ಲಾಠಿ ಆಮೇಲೆ.

ಈ ಮನುಷ್ಯನಿಗೆ ಇದೆಲ್ಲ ಹೇಗೆ ಗೊತ್ತಾಯಿತು ಅಂತೀರಾ? ಹುಟ್ಟಿದ್ದು ಬಿಹಾರದ ಮೋತಿಹಾರಿಯಲ್ಲಿ. ಬರ್ಮಾದಲ್ಲಿ ಬ್ರಿಟಿಷರ ಪೊಲೀಸ್ ಕೆಲಸ ಮಾಡಿದವನು. ಯುದ್ಧದ ಕಾಲದಲ್ಲಿ, 1941ರಿಂದ 43ರವರೆಗೆ, ಬಿಬಿಸಿಯಲ್ಲಿ ಕೂತು ಭಾರತಕ್ಕೆ ರೇಡಿಯೊ ಕಾರ್ಯಕ್ರಮ ಮಾಡುತ್ತಿದ್ದ. ಅಂದರೆ ಪ್ರಚಾರ ಹೇಗೆ ಬೇಯುತ್ತದೆ ಅಂತ ಅಡುಗೆಮನೆ ಒಳಗಿಂದಲೇ ನೋಡಿದವನು. ಬಡಿಸುತ್ತಿದ್ದದ್ದು ನಮಗೇ!

ಭಾಷೆಯ ವಿಷಯವೂ ಕಾದಂಬರಿಯಲ್ಲಿದೆ. ಪದಗಳನ್ನು ವರ್ಷವರ್ಷ ಕಡಿಮೆ ಮಾಡುತ್ತಾ ಹೋದರೆ ತಪ್ಪು ಯೋಚನೆ ಮಾಡಲು ಪದವೇ ಸಿಗುವುದಿಲ್ಲ ಅನ್ನುವ ಲೆಕ್ಕಾಚಾರ. ಅಜ್ಜನ ಪುಸ್ತಕದಲ್ಲಿ ಜಡಿಮಳೆ, ಸೋನೆ, ಆರಿದ್ರೆ, ಆಶ್ಲೇಷ ಎಲ್ಲ ಇವೆ. ನನ್ನ ಮೊಬೈಲಿನಲ್ಲಿ ಆರೆಂಜ್ ಅಲರ್ಟ್. ಇದನ್ನೂ ದೊಡ್ಡಣ್ಣನ ತಲೆಗೆ ಕಟ್ಟುವುದು ಅನ್ಯಾಯ, ಯಾರೂ ಆ ಪದಗಳನ್ನು ಕಿತ್ತುಕೊಳ್ಳಲಿಲ್ಲ. ನಾವೇ ಬಿಟ್ಟೆವು.

ಈಗ ಕಾಮೆಂಟಿನಲ್ಲಿ ಬರುತ್ತದೆ, ನೀವು ಹೇಳುತ್ತಿರುವುದು ಯಾವ ಪಕ್ಷಕ್ಕೆ ಅಂತ. ಎಲ್ಲರಿಗೂ. ಹಳೇ ಭಾಷಣದ ವಿಡಿಯೊ ತೋರಿಸಿದರೆ ಸಿಟ್ಟು ಬರದ ಪಕ್ಷ ಇದ್ದರೆ ತಿಳಿಸಿ. ನನಗೆ ಹತ್ತಿರದ ಉದಾಹರಣೆ ಇಂದಿರಾ ಗಾಂಧಿ ಹೇರಿದ ತುರ್ತು ಪರಿಸ್ಥಿತಿ. 1975ರ ಜೂನ್ 25ರ ರಾತ್ರಿ ದೆಹಲಿಯಲ್ಲಿ ಪೇಪರ್ ಪ್ರೆಸ್ಸುಗಳ ಕರೆಂಟೇ ತೆಗೆದರು. ಆಮೇಲೆ ಸೆನ್ಸಾರ್. ಆ ದಿನಗಳಲ್ಲಿ ನಡೆದದ್ದನ್ನು ಶಾ ಆಯೋಗ ವಿಚಾರಣೆ ಮಾಡಿ ವರದಿ ಕೊಟ್ಟಿತು. ಬರಬರುತ್ತಾ ಆ ವರದಿಯ ಪ್ರತಿ ಸಿಗುವುದೇ ಕಷ್ಟವಾಯಿತು. ಕೊನೆಗೆ ಎರಾ ಸೆಳಿಯನ್ ಎಂಬ ತಮಿಳುನಾಡಿನ ಮಾಜಿ ಸಂಸದರು ತಮ್ಮ ಹತ್ತಿರವಿದ್ದ ಪ್ರತಿಯನ್ನು ಪುಸ್ತಕ ಮಾಡಿ ಮತ್ತೆ ತಂದರು. ಅವರ ಕಪಾಟಿನಲ್ಲಿತ್ತು, ಅಷ್ಟೇ.

ಅದೇ ಇಂದಿರಾ ಗಾಂಧಿಯವರನ್ನು 1978ರ ನವೆಂಬರಿನಲ್ಲಿ 70 ಸಾವಿರಕ್ಕೂ ಜಾಸ್ತಿ ಮತಗಳಿಂದ ಗೆಲ್ಲಿಸಿದ್ದು ನಮ್ಮ ಚಿಕ್ಕಮಗಳೂರು. ಜನ ಮರೆತರು ಅಂತ ಸುಲಭವಾಗಿ ಹೇಳಬಹುದು. ನಾನು ಹೇಳುವುದಿಲ್ಲ. ಭೂಸುಧಾರಣೆಯಲ್ಲಿ ಗದ್ದೆ ಸಿಕ್ಕವರಿಗೆ ಬೇರೆಯದೂ ನೆನಪಿತ್ತು.

ಹೋದ ತಿಂಗಳು ಆ ವರ್ಷಗಳ ಪುಸ್ತಕ ತೆಗೆದು ನೋಡಿದೆ. 1978ರ ನವೆಂಬರ್, ಅಜ್ಜನ ಕೈಬರಹ: 'ಮಳೆ ಇಲ್ಲ. ಇಂದಿರಮ್ಮ ಬಂದಿದ್ದರು. ಆಳುಗಳೆಲ್ಲ ಭಾಷಣಕ್ಕೆ. ಹಣ್ಣು ಕೊಯ್ಲು ನಿಂತಿತು.' ಆಮೇಲೆ 1975ರ ಜೂನ್ 26 ಹುಡುಕಿದೆ. ದಿನಾ ಬೆಳಿಗ್ಗೆ ರೇಡಿಯೊ ತಪ್ಪಿಸದ ಮನುಷ್ಯ. 'ಆರಿದ್ರೆ. 1 ಇಂಚು 40 ಸೆಂಟ್ಸ್.' ಅಷ್ಟೇ. ಮುಂದಿನ ಪುಟವೂ ಹಾಗೇ. ತಿಂಗಳುಗಟ್ಟಲೆ ಬರೀ ಮಳೆ. ಆಳಿಲ್ಲ, ನಾಯಿಯಿಲ್ಲ, ಜ್ವರವಿಲ್ಲ.

ಅಜ್ಜಿಯನ್ನು ಕೇಳಿದೆ, ಅಜ್ಜ ಹೆದರಿದ್ದರಾ ಅಂತ.

'ಹೆದರೋದು ಏನು ಬಂತು? ಅದು ಮಳೆ ಬರೆಯೋ ಪುಸ್ತಕ ಅಲ್ವಾ' ಅಂದರು.

ಮತ್ತೆ 78ರಲ್ಲಿ ಬರೆದಿದ್ದಾರಲ್ಲ ಅಂದೆ. ಅಜ್ಜಿ ಹಾಲು ಉಕ್ಕುತ್ತದೆ ಅಂತ ಎದ್ದು ಒಳಗೆ ಹೋದರು. ಒಲೆ ಮೇಲೆ ಹಾಲು ಇಟ್ಟಿರಲಿಲ್ಲ.