ಏಳು ಸೀಟಿನ ಗಾಡಿಯನ್ನು ಹಿಂದಿನ ಸಾಲಿನಿಂದ ನೋಡಿ

ಕೇಳುಗರಿಗೆ ನಮಸ್ಕಾರ.

ಮನೆಮಂದಿಗೆಲ್ಲ ಸಾಲುವಂಥ ದೊಡ್ಡ ಗಾಡಿ ಕೊಳ್ಳಬೇಕು ಎಂದು ಶೋರೂಮಿಗೆ ಹೋದವರು ಮೊದಲು ಮಾಡುವ ಕೆಲಸ ಡ್ರೈವರ್ ಸೀಟಿನಲ್ಲಿ ಕೂರುವುದು. ಸ್ಟೀರಿಂಗ್ ಹಿಡಿದು, ಪರದೆ ಮುಟ್ಟಿ, ಸನ್‌ರೂಫ್ ತೆರೆಸಿ ನೋಡುವಷ್ಟರಲ್ಲಿ ಮುಕ್ಕಾಲು ತೀರ್ಮಾನ ಆಗಿಹೋಗಿರುತ್ತದೆ. ಆದರೆ ಐದು ಸೀಟಿನ ಗಾಡಿ ಬಿಟ್ಟು ಏಳು ಸೀಟಿನದಕ್ಕೆ ಹೋಗುವುದೇ ಹಿಂದಿನ ಆ ಎರಡು ಸೀಟಿಗಾಗಿ. ಹಾಗಿರುವಾಗ ಪರೀಕ್ಷೆ ಶುರುವಾಗಬೇಕಾದದ್ದೂ ಅಲ್ಲಿಂದಲೇ. ಮೂರನೇ ಸಾಲಿನಲ್ಲಿ ಹತ್ತು ನಿಮಿಷ ಕೂತು ನೋಡಿದರೆ ಜಾಗ, ಆರಾಮ, ಎಂಜಿನ್ನಿನ ಶಕ್ತಿ ಮೂರರ ಬಗ್ಗೆಯೂ ಬೇಕಾದ ಪ್ರಶ್ನೆಗಳು ತಾವಾಗಿ ಹುಟ್ಟಿಕೊಳ್ಳುತ್ತವೆ.

ಇವತ್ತು ಹೋಲಿಸುವುದು ನಮ್ಮ ರಸ್ತೆಗಳಲ್ಲಿ ದಿನವೂ ಕಾಣುವ ನಾಲ್ಕು ಗಾಡಿಗಳನ್ನು. 2021ರಲ್ಲಿ ಬಂದ ಮಹೀಂದ್ರ ಎಕ್ಸ್‌ಯುವಿ 700, 2022ರ ಸ್ಕಾರ್ಪಿಯೊ ಎನ್, 2023ರಲ್ಲಿ ಹೊಸ ರೂಪ ಪಡೆದ ಟಾಟಾ ಸಫಾರಿ, ಮತ್ತೆ ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೊಟಾ ಇನ್ನೋವಾ ಹೈಕ್ರಾಸ್. ಹೈಕ್ರಾಸನ್ನು ಎಸ್‌ಯುವಿ ಎನ್ನಬೇಕೋ ಬೇಡವೋ ಎಂಬ ಚರ್ಚೆ ಇದೆ. ಕೊಳ್ಳುವ ಕುಟುಂಬಗಳು ಮಾತ್ರ ಈ ನಾಲ್ಕನ್ನೂ ಒಂದೇ ಪಟ್ಟಿಯಲ್ಲಿಟ್ಟು ನೋಡುತ್ತವೆ, ನಾವೂ ಹಾಗೇ ನೋಡೋಣ. ಹೊಸದು ಕೊಳ್ಳುವವರಿಗೂ ಸೆಕೆಂಡ್ ಹ್ಯಾಂಡ್ ಹುಡುಕುವವರಿಗೂ ಈ ಮಾತು ಅನ್ವಯಿಸುತ್ತದೆ.

ಮೊದಲು ಜಾಗ. ಗಾಡಿಯ ಒಟ್ಟು ಉದ್ದಕ್ಕಿಂತ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ, ಅಂದರೆ ವೀಲ್‌ಬೇಸ್, ಹೆಚ್ಚು ಹೇಳುತ್ತದೆ. ಹೈಕ್ರಾಸ್‌ನಲ್ಲಿ ಅದು 2,850 ಮಿಲಿಮೀಟರ್. ಮಹೀಂದ್ರದ ಎರಡೂ ಗಾಡಿಗಳಲ್ಲಿ 2,750. ಸಫಾರಿಯಲ್ಲಿ 2,741. ಹತ್ತು ಸೆಂಟಿಮೀಟರ್ ವ್ಯತ್ಯಾಸ ಕೇಳುವುದಕ್ಕೆ ಅಲ್ಪ. ಆದರೆ ಮೂರು ಸಾಲಿಗೆ ಹಂಚಬೇಕಾದ ಜಾಗದಲ್ಲಿ ಹಿಂದಿನವರ ಮೊಣಕಾಲು ಮುಂದಿನ ಸೀಟಿಗೆ ತಾಗುತ್ತದೋ ಇಲ್ಲವೋ ಎಂಬುದನ್ನು ಆ ಹತ್ತು ಸೆಂಟಿಮೀಟರೇ ನಿರ್ಧರಿಸುತ್ತದೆ.

ಇನ್ನೊಂದು ಅಳತೆ ಯಾವ ಜಾಹೀರಾತಿನಲ್ಲೂ ಇರುವುದಿಲ್ಲ. ಮೂರನೇ ಸಾಲಿನ ಸೀಟು ಗಾಡಿಯೊಳಗಿನ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದು. ಒಂದು ಟೇಪು ಜೇಬಿನಲ್ಲಿಟ್ಟುಕೊಂಡು ಹೋಗಿ, ಮೊದಲು ಮನೆಯ ಊಟದ ಕುರ್ಚಿಯ ಎತ್ತರ ಅಳೆದುಕೊಳ್ಳಿ. ಅದು ಸಾಮಾನ್ಯವಾಗಿ 45 ಸೆಂಟಿಮೀಟರ್ ಆಸುಪಾಸು. ಗಾಡಿಯ ಹಿಂದಿನ ಸೀಟು ಅಷ್ಟು ಎತ್ತರ ಇರಲಾರದು, ನಿಜ. ಆದರೆ ಅದು ತೀರಾ ತಗ್ಗಿದ್ದರೆ ಮೊಣಕಾಲು ಮೇಲೆದ್ದು ತೊಡೆಗೆ ಆಸರೆಯೇ ಇಲ್ಲದಂತಾಗುತ್ತದೆ. ಮೈಭಾರವೆಲ್ಲ ಸೊಂಟದ ಮೇಲೆ ಬೀಳುತ್ತದೆ. ಬೆಂಗಳೂರಿನಿಂದ ಹೊರಟವರಿಗೆ ಹಾಸನ ಬರುವಷ್ಟರಲ್ಲಿ ಬೆನ್ನು ಹಿಡಿದುಕೊಳ್ಳುವುದು ಇದರಿಂದಲೇ.

ಇದಕ್ಕೆ ಕಾರಣ ಗಾಡಿಯ ಕಟ್ಟಡದಲ್ಲಿದೆ. ಸ್ಕಾರ್ಪಿಯೊ ಎನ್ ಲ್ಯಾಡರ್ ಫ್ರೇಮ್ ಗಾಡಿ. ಲಾರಿಗೆ ಇರುವಂತೆ ಕೆಳಗೆ ಉಕ್ಕಿನ ಚಾಸಿ, ಅದರ ಮೇಲೆ ಬಾಡಿ. ಚಾಸಿಯ ಮೇಲೆ ನೆಲ ಬರುವುದರಿಂದ ನೆಲ ಎತ್ತರವಾಗುತ್ತದೆ, ಚಾವಣಿಗೂ ನೆಲಕ್ಕೂ ನಡುವಿನ ಜಾಗ ಕುಗ್ಗುತ್ತದೆ, ಸೀಟು ತಗ್ಗಿಗೆ ಹೋಗುತ್ತದೆ. ಉಳಿದ ಮೂರು ಮೊನೊಕಾಕ್, ಅಂದರೆ ಬಾಡಿಯೂ ಚಾಸಿಯೂ ಒಂದೇ ಆಗಿರುವ ಗಾಡಿಗಳು. ಹೈಕ್ರಾಸ್‌ನಲ್ಲಿ ಎಂಜಿನ್ನಿನ ಬಲ ಹೋಗುವುದು ಮುಂದಿನ ಚಕ್ರಗಳಿಗೆ, ಹಿಂದಿನ ಚಕ್ರಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಇಲ್ಲ. ಹಾಗಾಗಿ ನೆಲ ತಗ್ಗಿನಲ್ಲಿದೆ, ವಯಸ್ಸಾದವರು ಏಣಿ ಹತ್ತಿದಂತೆ ಹತ್ತಬೇಕಿಲ್ಲ. ದೊಡ್ಡವರು ಏಳು ಜನ ನಿಜವಾಗಿ ಕೂರುವ ಗಾಡಿ ಈ ನಾಲ್ಕರಲ್ಲಿ ಅದೊಂದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಸಫಾರಿಯ ಹಿಂದಿನ ಸಾಲು ಎರಡನೇ ಸ್ಥಾನಕ್ಕೆ ಬರುತ್ತದೆ, ಮಧ್ಯಮ ಎತ್ತರದವರು ಒಂದೆರಡು ಗಂಟೆ ಕೂರಬಹುದು. ಎಕ್ಸ್‌ಯುವಿ 700ರ ಹಿಂದಿನ ಸಾಲು ಮಕ್ಕಳಿಗೆ. ಸ್ಕಾರ್ಪಿಯೊ ಎನ್ ಕೊಳ್ಳುವವರು ಅದನ್ನು ಐದು ಸೀಟಿನ ಗಾಡಿ, ಜೊತೆಗೆ ಆಪತ್ತಿಗೊಂದು ಸಾಲು ಎಂದುಕೊಂಡು ಕೊಳ್ಳುವುದು ಒಳ್ಳೆಯದು.

ಇನ್ನು ಡಿಕ್ಕಿ. ಶೋರೂಮಿನಲ್ಲಿ ಯಾವಾಗಲೂ ಮೂರನೇ ಸಾಲನ್ನು ಮಡಚಿಯೇ ಡಿಕ್ಕಿ ತೋರಿಸುತ್ತಾರೆ. ಎಷ್ಟೊಂದು ಜಾಗ ಎನ್ನಿಸುತ್ತದೆ. ಸೀಟು ಎತ್ತಿಸಿ ಆಮೇಲೆ ನೋಡಿ. ಎಲ್ಲ ಸೀಟು ಎತ್ತಿದಾಗ ಹೈಕ್ರಾಸ್‌ನಲ್ಲಿ 300 ಲೀಟರ್ ಉಳಿಯುತ್ತದೆ. ಎರಡು ಮಧ್ಯಮ ಸೂಟ್‌ಕೇಸು, ಮೇಲೊಂದಿಷ್ಟು ಚಿಕ್ಕ ಬ್ಯಾಗು ಹಿಡಿಯುತ್ತವೆ. ಉಳಿದ ಮೂರರಲ್ಲಿ ನಿಲ್ಲಿಸಿ ಜೋಡಿಸಿದ ಕೆಲವು ಬ್ಯಾಗುಗಳು ಅಷ್ಟೆ. ಆರು ಜನ ಹೋಗುವಾಗ ಹಿಂದಿನ ಒಂದು ಸೀಟು ಮಡಚಿ ಅಲ್ಲಿ ಸಾಮಾನಿಡುವ ಉಪಾಯ ಇದೆ. ಎಕ್ಸ್‌ಯುವಿ 700ರಲ್ಲೂ ಸಫಾರಿಯಲ್ಲೂ ಅದು ಆಗುತ್ತದೆ, ಸೀಟು ಅರ್ಧರ್ಧವಾಗಿ ಮಡಚಿಕೊಳ್ಳುತ್ತದೆ. ಸ್ಕಾರ್ಪಿಯೊ ಎನ್‌ನಲ್ಲಿ ಹಿಂದಿನ ಸೀಟು ಇಡಿಯಾಗಿ ಒಂದೇ ತುಂಡು, ಮಡಚಿದರೆ ಎರಡೂ ಸೀಟು ಹೋದವು.

ಚಿಕ್ಕ ಮಕ್ಕಳಿರುವ ಮನೆಯವರು ಇಲ್ಲೊಂದು ವಿಷಯ ಗಮನಿಸಬೇಕು. ಮಗುವಿನ ಸೀಟನ್ನು ಎರಡನೇ ಸಾಲಿನ ಐಸೋಫಿಕ್ಸ್ ಕೊಂಡಿಗೆ ಬಿಗಿದಿರುತ್ತೀರಿ. ಮೂರನೇ ಸಾಲಿಗೆ ಹೋಗಲು ಅದೇ ಎರಡನೇ ಸಾಲಿನ ಸೀಟನ್ನು ಮಗುಚಬೇಕಲ್ಲ? ಮಗುವಿನ ಸೀಟು ಬಿಗಿದಿರುವಾಗ ಅದು ಮಗುಚುವುದಿಲ್ಲ. ಸೀಟನ್ನು ಬಿಚ್ಚಿ, ಹಿಂದಿನವರನ್ನು ಕೂರಿಸಿ, ಮತ್ತೆ ಬಿಗಿಯಬೇಕು. ಪ್ರತಿ ಕಾಫಿ ನಿಲುಗಡೆಯಲ್ಲೂ ಇದೇ ಪಾಡು. ಮಗುವಿನ ಸೀಟನ್ನು ಮಗುಚದ ಬದಿಗೆ ಬಿಗಿಯಬೇಕು, ಇಲ್ಲವೆ ಎರಡನೇ ಸಾಲಿನಲ್ಲಿ ಎರಡು ಬಿಡಿ ಕ್ಯಾಪ್ಟನ್ ಸೀಟು ಇರುವ ಮಾಡೆಲ್ ತೆಗೆದುಕೊಳ್ಳಬೇಕು. ಕ್ಯಾಪ್ಟನ್ ಸೀಟಿದ್ದರೆ ನಡುವಿನಿಂದ ನುಸುಳಿ ಹಿಂದಕ್ಕೆ ಹೋಗಬಹುದು. ಆದರೆ ಆಗ ನಡುವಿನ ಸೀಟೊಂದು ಕಡಿಮೆಯಾಗುತ್ತದೆ. ಮನೆಯಲ್ಲಿ ಎಷ್ಟು ಜನ, ಅವರಲ್ಲಿ ಸೀರೆಯುಟ್ಟ ಅಜ್ಜಿ ಎಲ್ಲಿ ಕೂರುತ್ತಾರೆ ಎಂದು ಯೋಚಿಸಿ ಇದನ್ನು ತೀರ್ಮಾನಿಸಿ.

ಅಗಲದ ಬಗ್ಗೆ ಎರಡೇ ಮಾತು. ಸಫಾರಿಯ ಅಗಲ 1,922 ಮಿಲಿಮೀಟರ್, ಸ್ಕಾರ್ಪಿಯೊ ಎನ್ 1,917. ಇದು ಕನ್ನಡಿ ಬಿಟ್ಟ ಲೆಕ್ಕ. ಮೂವತ್ತು ನಲವತ್ತು ಸೈಟಿನ ಮನೆಯ ಪಾರ್ಕಿಂಗಿನಲ್ಲಿ ಗಾಡಿ ನಿಲ್ಲಿಸಿದ ಮೇಲೆ ಬಾಗಿಲು ತೆರೆದು ಇಳಿಯುವಷ್ಟು ಜಾಗ ಉಳಿಯುತ್ತದೆಯೇ ಎಂದು ಅಡ್ವಾನ್ಸ್ ಕೊಡುವ ಮೊದಲೇ ಅಳೆದು ನೋಡಿ.

ಈಗ ಆರಾಮದ ಮಾತು. ಹಿಂದಿನ ಸಾಲು ಹಿಂದಿನ ಚಕ್ರದ ನೆತ್ತಿಯ ಮೇಲೋ ಅದಕ್ಕೂ ಸ್ವಲ್ಪ ಹಿಂದೆಯೋ ಇರುತ್ತದೆ. ಹಂಪು ಬಂದಾಗ ಮುಂದಿನವರಿಗಿಂತ ಅಲ್ಲಿ ಕೂತವರಿಗೆ ಹೊಡೆತ ಹೆಚ್ಚಾಗಿ ತಟ್ಟುತ್ತದೆ. ತಿರುವಿನಲ್ಲಿ ತೂಗಾಟವೂ ಅಲ್ಲೇ ಹೆಚ್ಚು. ಎದುರಿಗೆ ರಸ್ತೆ ಕಾಣುವುದಿಲ್ಲ, ಎತ್ತರದ ಸೀಟುಗಳ ಬೆನ್ನು ಕಾಣುತ್ತದೆ. ಪಕ್ಕದ ಗಾಜು ತೆರೆಯುವಂಥದ್ದಲ್ಲ. ಕಣ್ಣು ಒಂದು ಹೇಳುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ಇನ್ನೊಂದು ಹೇಳುತ್ತದೆ. ಚಾರ್ಮಾಡಿಯಲ್ಲೋ ಆಗುಂಬೆಯ ಹದಿನಾಲ್ಕು ತಿರುವುಗಳಲ್ಲೋ ಮಕ್ಕಳಿಗೆ ವಾಂತಿ ಬರುವುದು ಈ ಕಾರಣಕ್ಕೆ. ಘಾಟಿ ಬರುವ ಮೊದಲು ವಾಂತಿ ಬರುವ ಮಗುವನ್ನು ಎರಡನೇ ಸಾಲಿಗೆ, ಮುಂದಿನ ರಸ್ತೆ ಕಾಣುವ ಜಾಗಕ್ಕೆ ಕರೆತನ್ನಿ.

ತಣ್ಣನೆಯ ಗಾಳಿ ಇಲ್ಲಿ ತುಂಬ ಮುಖ್ಯ. ಎಕ್ಸ್‌ಯುವಿ 700ರಲ್ಲೂ ಸಫಾರಿಯಲ್ಲೂ ಹೈಕ್ರಾಸ್‌ನಲ್ಲೂ ಮೂರನೇ ಸಾಲಿನವರಿಗೆ ಎಸಿ ಕಿಂಡಿಗಳಿವೆ. ಸ್ಕಾರ್ಪಿಯೊ ಎನ್‌ನಲ್ಲಿ ಮೂರನೇ ಸಾಲಿಗೆಂದೇ ಕಿಂಡಿ ಇಲ್ಲ, ಎರಡನೇ ಸಾಲಿನ ಗಾಳಿ ಹರಿದು ಬರಬೇಕು. ಏಪ್ರಿಲ್ ಮಧ್ಯಾಹ್ನ ರಾಯಚೂರಿನ ಕಡೆ ಹೋಗುವವರಿಗೆ ಇದು ಸಣ್ಣ ಕೊರತೆಯಾಗುವುದಿಲ್ಲ. ಕಿಂಡಿ ಇರುವ ಗಾಡಿಯಲ್ಲೂ ಒಂದು ಪರೀಕ್ಷೆ ಮಾಡಿ: ಬಿಸಿಲಲ್ಲಿ ನಿಂತ ಗಾಡಿ ಚಾಲೂ ಮಾಡಿಸಿ, ಹಿಂದಿನ ಸಾಲಿನಲ್ಲಿ ಕೂತು, ಎಷ್ಟು ಹೊತ್ತಿಗೆ ತಂಪಾಯಿತು ನೋಡಿ.

ಸಸ್ಪೆನ್ಷನ್ ವಿಚಾರದಲ್ಲಿ ಜನ ಸಾಮಾನ್ಯವಾಗಿ ಖಾಲಿ ಗಾಡಿ ಓಡಿಸಿ ತೀರ್ಪು ಕೊಡುತ್ತಾರೆ. ಏಳು ಜನರ ಭಾರ ಹೊರಲೆಂದು ಮಾಡಿದ ಸ್ಪ್ರಿಂಗು ಇಬ್ಬರು ಕೂತಾಗ ಒರಟಾಗಿಯೇ ಇರುತ್ತದೆ. ಭಾರ ಬಿದ್ದಾಗ ಹದಕ್ಕೆ ಬರುತ್ತದೆ. ಸಫಾರಿ ಹಳ್ಳಿ ರಸ್ತೆಯಲ್ಲಿ ಸ್ವಲ್ಪ ಗಡಸು, ಹೆದ್ದಾರಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಎಕ್ಸ್‌ಯುವಿ 700 ನಯವಾಗಿ ತೇಲುತ್ತದೆ, ನಾಲ್ಕರಲ್ಲಿ ಎರಡನೇ ಸಾಲಿನ ಆರಾಮಕ್ಕೆ ಅದಕ್ಕೇ ನನ್ನ ಮತ. ಸ್ಕಾರ್ಪಿಯೊ ಎನ್ ಕಾಫಿ ತೋಟದ ಕಲ್ಲುದಾರಿಯಲ್ಲಿ ಯಾವುದಕ್ಕೂ ಬಗ್ಗದು, ಆದರೆ ವೇಗದಲ್ಲಿ ಹಂಪು ದಾಟಿದರೆ ಹಿಂದಿನ ಸಾಲು ಕುಣಿಯುತ್ತದೆ.

ಇನ್ನು ಓಟ. ಖಾಲಿ ಗಾಡಿಯ ತೂಕ ಸುಮಾರು 1,800 ಕಿಲೊ ಎಂದಿಟ್ಟುಕೊಳ್ಳಿ. ಏಳು ಜನ, ತಲಾ 65 ಕಿಲೊ, ಒಟ್ಟು 455. ತಲಾ 12 ಕಿಲೊ ಸಾಮಾನು, ಅದು 84. ಸೇರಿಸಿದರೆ 539 ಕಿಲೊ. ಅಂದರೆ ಗಾಡಿ ಶೇಕಡ 30ರಷ್ಟು ಭಾರವಾಯಿತು. ಟೆಸ್ಟ್ ಡ್ರೈವ್‌ನಲ್ಲಿ ನೀವು ಮೆಚ್ಚಿದ ಪಿಕಪ್ ಪ್ರವಾಸದ ದಿನ ಇರುವುದಿಲ್ಲ. ಆದ್ದರಿಂದ ಗಾಡಿಯ ಅಶ್ವಶಕ್ತಿ, ಅಂದರೆ ಪಿಎಸ್ ಲೆಕ್ಕಕ್ಕಿಂತ, ಟಾರ್ಕ್ ಅಂದರೆ ಚಕ್ರ ತಿರುಗಿಸುವ ಬಲ ಎಷ್ಟು, ಅದು ಎಷ್ಟು ಬೇಗ ಸಿಗುತ್ತದೆ ಎಂದು ಕೇಳಿ. ಎಕ್ಸ್‌ಯುವಿ 700ರ ಡೀಸೆಲ್ ಆಟೊಮ್ಯಾಟಿಕ್‌ನಲ್ಲಿ 185 ಪಿಎಸ್ ಶಕ್ತಿ, 450 ನ್ಯೂಟನ್ ಮೀಟರ್ ಟಾರ್ಕ್. ಸ್ಕಾರ್ಪಿಯೊ ಎನ್ ಡೀಸೆಲ್ ಆಟೊಮ್ಯಾಟಿಕ್‌ನಲ್ಲಿ 175 ಪಿಎಸ್, 400 ನ್ಯೂಟನ್ ಮೀಟರ್. ಸಫಾರಿಯ ಎರಡು ಲೀಟರ್ ಡೀಸೆಲ್‌ನಲ್ಲಿ 170 ಪಿಎಸ್, 350 ನ್ಯೂಟನ್ ಮೀಟರ್. ಭಾರ ಹೊತ್ತು ಶಿರಾಡಿ ಹತ್ತುವಾಗ ಎಕ್ಸ್‌ಯುವಿಗೆ ಸುಸ್ತೇ ಆಗುವುದಿಲ್ಲ. ಸ್ಕಾರ್ಪಿಯೊ ಎನ್‌ನ ಕಡಿಮೆ ಬೆಲೆಯ ಡೀಸೆಲ್ ಮಾಡೆಲ್‌ಗಳಲ್ಲಿ ಇದೇ ಎಂಜಿನ್ 132 ಪಿಎಸ್‌ಗೆ ಇಳಿದಿರುತ್ತದೆ, ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಯಾವ ಮಾಡೆಲ್ ಎಂದು ಕೇಳದೆ ಮುಂದುವರಿಯಬೇಡಿ.

ಹೈಕ್ರಾಸ್ ಹೈಬ್ರಿಡ್‌ನ ದಾರಿ ಬೇರೆ. ಎರಡು ಲೀಟರ್ ಪೆಟ್ರೋಲ್ ಎಂಜಿನ್ನಿನ ಜೊತೆಗೆ 206 ನ್ಯೂಟನ್ ಮೀಟರಿನ ವಿದ್ಯುತ್ ಮೋಟಾರು, ಎರಡೂ ಸೇರಿ 186 ಪಿಎಸ್. ಮೋಟಾರು ನಿಂತಲ್ಲಿಂದಲೇ ಎಳೆಯುವುದರಿಂದ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಇದರಷ್ಟು ಹಿತವಾದದ್ದು ಬೇರೆ ಇಲ್ಲ. ಘಾಟಿ ಏರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಎಂಜಿನ್ ಜೋರಾಗಿ ಕೂಗುತ್ತದೆ, ಗಾಡಿ ಮಾತ್ರ ನಿಧಾನವಾಗಿ ವೇಗ ಹಿಡಿಯುತ್ತದೆ. ಇದು ಕೆಟ್ಟಿದ್ದರ ಲಕ್ಷಣವಲ್ಲ, ಆ ಗಿಯರ್ ವ್ಯವಸ್ಥೆಯ ಸ್ವಭಾವ. ಕಂಪನಿ ಹೇಳುವ ಲೀಟರಿಗೆ 23.24 ಕಿಲೊಮೀಟರ್ ಮೈಲೇಜ್ ಪ್ರಯೋಗಾಲಯದ್ದು. ಆದರೂ ನಗರದ ನಿಂತು ನಿಂತು ಓಡುವ ಓಟದಲ್ಲಿ ಉಳಿದ ಮೂರಕ್ಕಿಂತ ಬಹಳ ಮುಂದಿರುತ್ತದೆ.

ಡೀಸೆಲ್ ತೆಗೆದುಕೊಳ್ಳುವವರು ತಮ್ಮ ದಿನದ ಓಡಾಟ ನೋಡಿಕೊಳ್ಳಬೇಕು. ಬಿಎಸ್ 6, ಅಂದರೆ ಈಗಿನ ಹೊಗೆ ನಿಯಮಕ್ಕೆ ಒಗ್ಗುವ ಡೀಸೆಲ್ ಗಾಡಿಯ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್. ಆ ಮಸಿ ಸುಟ್ಟುಹೋಗಬೇಕಾದರೆ ಎಂಜಿನ್ ಚೆನ್ನಾಗಿ ಕಾದು ಗಾಡಿ ಇಪ್ಪತ್ತು ನಿಮಿಷವಾದರೂ ಒಂದೇ ಸಮ, 60 ಕಿಲೊಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಓಡಬೇಕು. ಮಕ್ಕಳನ್ನು ಮೂರು ಕಿಲೊಮೀಟರ್ ದೂರದ ಶಾಲೆಗೆ ಬಿಟ್ಟು ಬರುವುದಕ್ಕಷ್ಟೇ ಗಾಡಿ ತೆಗೆದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಎಚ್ಚರಿಕೆಯ ದೀಪ ಹತ್ತುತ್ತದೆ, ಪಿಕಪ್ ಬೀಳುತ್ತದೆ. ದೀಪ ಹತ್ತಿದ ದಿನವೇ ತುಮಕೂರು ರಸ್ತೆಯಲ್ಲೋ ಮೈಸೂರು ರಸ್ತೆಯಲ್ಲೋ ಒಂದು ಸುತ್ತು ಹೋಗಿ ಬನ್ನಿ, ದೀಪ ಕಾಣುತ್ತಲೇ ವಾರ ಕಳೆದರೆ ವರ್ಕ್‌ಶಾಪಿನ ಖರ್ಚು. ಹೊಗೆಯ ವಿಷ ಕಡಿಮೆ ಮಾಡುವ ಯೂರಿಯಾ ದ್ರಾವಣ, ಅಂದರೆ ಡಿಇಎಫ್, ತುಂಬಿಸಬೇಕಾದ ಗಾಡಿಯಾದರೆ ಅದು ಪೂರ್ತಿ ಮುಗಿಯಲು ಬಿಡಬೇಡಿ. ಮುಗಿದು, ಎಂಜಿನ್ ಒಮ್ಮೆ ಆಫ್ ಮಾಡಿದರೆ ಮತ್ತೆ ಚಾಲೂ ಆಗುವುದಿಲ್ಲ.

ಭಾರ ಹೊತ್ತ ಗಾಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಹತ್ತುವಾಗ ಬಳಸಿದ ಗಿಯರಿನಲ್ಲೇ ಇಳಿಯಿರಿ, ಆಟೊಮ್ಯಾಟಿಕ್ ಆದರೆ ಮ್ಯಾನುಯಲ್ ಮೋಡ್‌ಗೆ ಹಾಕಿ ಎರಡು ಅಥವಾ ಮೂರನೇ ಗಿಯರ್. ಬ್ರೇಕನ್ನು ಒತ್ತಿಯೇ ಹಿಡಿದರೆ ಡಿಸ್ಕ್ ಕಾದು, ಬ್ರೇಕ್ ಆಯಿಲ್ ಕುದಿದು, ಪೆಡಲ್ ಮೆತ್ತಗಾಗಿ ಒಳಕ್ಕೆ ಹೋಗುತ್ತದೆ. ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ. ನೀರು ಸುರಿಯಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತದೆ. ಹೈಬ್ರಿಡ್‌ನಲ್ಲಿ ಇಳಿಜಾರಿನ ಮೊದಲ ಭಾಗದಲ್ಲಿ ಬ್ಯಾಟರಿ ಚಾರ್ಜ್ ಆಗುತ್ತಾ ಗಾಡಿಯನ್ನು ತಡೆದು ಹಿಡಿಯುತ್ತದೆ. ಚಿಕ್ಕ ಬ್ಯಾಟರಿ ಬೇಗ ತುಂಬುತ್ತದೆ. ಆಮೇಲೆ ಎಂಜಿನ್ ತಾನಾಗಿ ಜೋರಾಗಿ ತಿರುಗಿ ತಡೆಯುತ್ತದೆ, ಆ ಸದ್ದಿಗೆ ಹೆದರಬೇಕಿಲ್ಲ.

ಹೊರಡುವ ದಿನ ಮಾಡಬೇಕಾದ ಮೂರು ಕೆಲಸಗಳಿವೆ. ಡ್ರೈವರ್ ಬಾಗಿಲು ತೆರೆದಾಗ ಕಾಣುವ ಕಂಬದ ಮೇಲೆ ಟೈರಿನ ಗಾಳಿಯ ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಪೂರ್ತಿ ಭಾರಕ್ಕೆ ಬೇರೆ ಅಂಕಿ ಕೊಟ್ಟಿದ್ದರೆ ಹಿಂದಿನ ಟೈರಿಗೆ ಅಷ್ಟು ಗಾಳಿ ತುಂಬಿಸಿ, ಟೈರು ತಣ್ಣಗಿರುವಾಗಲೇ. ಭಾರಕ್ಕೆ ಹಿಂದುಗಡೆ ತಗ್ಗಿ ಮುಂದಿನ ದೀಪ ಮೇಲೆ ನೋಡುತ್ತದೆ, ಎದುರಿನವರ ಕಣ್ಣು ಕುಕ್ಕುತ್ತದೆ. ದೀಪ ತಗ್ಗಿಸುವ ಗುಂಡಿ ಇದ್ದರೆ ಸೊನ್ನೆಯಿಂದ ಎರಡಕ್ಕೋ ಮೂರಕ್ಕೋ ತಿರುಗಿಸಿ. ಮೂರನೆಯದು ಸ್ಟೆಪ್ನಿ. ಗಾಡಿಯ ಅಡಿಯಲ್ಲಿ ತೂಗುಹಾಕಿದ ಸ್ಟೆಪ್ನಿಯಾದರೆ ಅದನ್ನು ಇಳಿಸಲು ಬೇಕಾದ ರಾಡು, ಜಾಕು, ಪಾನಾ ಎಲ್ಲಿವೆ ನೋಡಿಕೊಂಡು, ಸಾಮಾನಿನ ಅಡಿಯಲ್ಲಿ ಹೂತುಹೋಗದಂತೆ ಕೈಗೆ ಸಿಗುವ ಕಡೆ ಇಡಿ. ಸ್ಟೆಪ್ನಿ ತೂಗುಹಾಕಿದ ಸರಪಳಿ ಕೆಸರು ತಿಂದು ತುಕ್ಕು ಹಿಡಿದರೆ ಬೇಕಾದಾಗ ಇಳಿಯುವುದಿಲ್ಲ. ಆರು ತಿಂಗಳಿಗೊಮ್ಮೆ ಸ್ಟೆಪ್ನಿಯನ್ನು ಇಳಿಸಿ, ಗಾಳಿ ನೋಡಿ, ಸ್ವಲ್ಪ ಗ್ರೀಸ್ ಹಚ್ಚಿ ಮತ್ತೆ ಏರಿಸಿ.

ನಮಸ್ಕಾರ.